ಕೆಂಪು ಬೊಟ್ಟಿನ ಪ್ಲಗ್ಗು

ಮೇಸ್ತ್ರಿಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರು ಇರಬೇಕಾದ ಜಾಗದಲ್ಲಿ ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುವ ಚರ್ಮ. ಆ ಬೆರಳಿನಿಂದಲೇ ಅವರು ನಾನು ಕೊಂಡು ತಂದ ಸ್ಪಾರ್ಕ್ ಪ್ಲಗ್ಗಿನ ವಾಷರನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನುಂಗಂಬಾಕ್ಕಂನ ಒಂದು ಹಳೆಯ ಬೀದಿಯಲ್ಲಿ, ಎರಡು ಕಟ್ಟಡಗಳ ನಡುವಿನ ಸಂದಿಗೆ ತಗಡು ಹೊದಿಸಿ ಮಾಡಿಕೊಂಡಿದ್ದ ಅವರ ವರ್ಕ್‌ಶಾಪಿನ ಮುಂದೆ ಅವತ್ತು ಇದ್ದವರು ಮೂರೇ ಜನ. ಸ್ಟೂಲಿನ ಮೇಲೆ ಮೇಸ್ತ್ರಿ, ಎದುರಿಗೆ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ ನಾನು, ಪಕ್ಕದಲ್ಲಿ ತಳ್ಳುಗಾಡಿಯ ಮೇಲೆ ಯಾರದೋ ಅಂಗಿಗೆ ಇದ್ದಿಲ ಪೆಟ್ಟಿಗೆ ಒತ್ತುತ್ತಿದ್ದ ಇಸ್ತ್ರಿ ಅಕ್ಕ.

ಒರಿಜಿನಲ್ ಪ್ಲಗ್ಗಿನ ವಾಷರು ಸುತ್ತ ತಿರುಗುತ್ತದೆ, ಆದರೆ ಕಳಚಿ ಬರುವುದಿಲ್ಲ. ನನ್ನದು ನಾಲ್ಕೇ ಸುತ್ತಿನಲ್ಲಿ ಕಳಚಿ ಅವರ ಅಂಗೈಗೆ ಬಿತ್ತು.

"ಡಬ್ಬಿ ನೋಡಿ ಮೋಸ ಹೋದ್ದಾ, ಅಂಗಡಿಯವನ ಮುಖ ನೋಡಿ ಮೋಸ ಹೋದ್ದಾ?" ಎಂದು ಕೇಳಿದರು.

ಡಬ್ಬಿಯ ಮೇಲೆ ಮಿರಿಮಿರಿ ಮಿಂಚುವ ಸ್ಟಿಕ್ಕರ್ ಇತ್ತು ಎಂದೆ.

"ಸ್ಟಿಕ್ಕರ್ ಅಂಟಿಸ್ಲಿಕ್ಕೆ ಎಂತ ಇಂಜಿನಿಯರಿಂಗ್ ಓದ್ಬೇಕಾ ಮಾರ್ರೆ?"

ಇಸ್ತ್ರಿ ಅಕ್ಕನಿಗೆ ನಮ್ಮ ಕನ್ನಡ ಪೂರ್ತಿ ಅರ್ಥವಾಗದಿದ್ದರೂ ಸೋತವರು ಯಾರು ಎಂದು ತಿಳಿಯುತ್ತಿತ್ತು. ಆಫೀಸಿನಲ್ಲಿ ಊರವರ ಮೋಸವನ್ನೆಲ್ಲ ಹಿಡಿಯುವ ಸಾರ್‌ಗೆ ಹೊರಗೆ ಬಂದರೆ ಕಣ್ಣು ಮಂಜಾಗುತ್ತದೆ ಎಂದು ತಮಿಳಿನಲ್ಲಿ ಹೇಳಿ, ಅಂಗಿಯನ್ನು ಮಡಚಿದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ನಾನು ವಿಮಾ ಕಂಪನಿಯ ಗುಮಾಸ್ತ. ಅಪಘಾತದ ಕ್ಲೇಮುಗಳಲ್ಲಿ ಯಾವುದು ನಿಜವಾಗಿ ಮುರಿದ ಬಂಪರು, ಯಾವುದು ಹಣಕ್ಕಾಗಿ ಮುರಿದ ಬಂಪರು ಎಂದು ಬೇರ್ಪಡಿಸುವುದೇ ನನ್ನ ಹೊಟ್ಟೆಪಾಡು. ಒಂದೇ ಪ್ರಶ್ನೆಯನ್ನು ಮೂರು ಸಲ ಮೂರು ಥರ ಕೇಳುವುದು ನಮ್ಮ ಪದ್ಧತಿ. ಅದೇ ಪದ್ಧತಿಯನ್ನು, ಯಾವ ತರಬೇತಿಯೂ ಇಲ್ಲದೆ, ನನಗಿಂತ ಚೆನ್ನಾಗಿ ನಡೆಸುತ್ತಿದ್ದ ಮನುಷ್ಯ ಈ ಮೇಸ್ತ್ರಿ.

ಬೀದಿಗೆಲ್ಲ ಅವರು 'ಉಡುಪಿ ಮೆಕ್ಯಾನಿಕ್'. ನಾನು ಮಾತ್ರ ಮೇಸ್ತ್ರಿಗಳೇ ಎನ್ನುತ್ತಿದ್ದೆ. ಮೊದಲ ಸಲ ಅವರಲ್ಲಿಗೆ ಹೋದಾಗ ಗಾಡಿಯ ಕಿಕ್ಕರು ಕಾಲಿಗೆ ಹೊಡೆದು ನಾನು 'ಅಯ್ಯೋ ದೇವ್ರೇ' ಎಂದದ್ದು ಅವರ ಕಿವಿಗೆ ಬಿತ್ತು. ಚೆನ್ನೈಯಲ್ಲಿ ಕನ್ನಡ ಕೇಳಿದರೆ ನಮ್ಮವರು ಸಾಮಾನ್ಯವಾಗಿ ಮುಖ ಅರಳಿಸುತ್ತಾರೆ. ಇವರು ಹುಬ್ಬು ಗಂಟಿಕ್ಕಿದರು. ಯಾವ ಊರು, ಯಾವಾಗ ಬಂದದ್ದು, ಅಪ್ಪ ಎಲ್ಲಿ ಕೆಲಸ, ಹಾಗಾದರೆ ಕನ್ನಡ ಕಲಿಸಿದ್ದು ಯಾರು ಎಂದೆಲ್ಲ ವಿಚಾರಣೆ ನಡೆಯಿತು. ಅಪ್ಪ ರೈಲ್ವೆಯಲ್ಲಿ ಇದ್ದವರು, ನಾನು ಓದಿದ್ದು ತಮಿಳು ಶಾಲೆಯಲ್ಲಿ, ಕನ್ನಡ ಬಂದದ್ದು ಹಾಸನದ ಕಡೆಯ ಅಜ್ಜಿಯ ಬಾಯಿಂದ ಎಂದು ಹೇಳಿದೆ. ಅವರು, "ಅದಕ್ಕೇ ನಿಮ್ಮದು ಮುದುಕರ ಕನ್ನಡ. ಸುಳ್ಳು ಹೇಳುವವರ ಹತ್ರ ಅದು ಇರುದಿಲ್ಲ" ಎಂದು ಗಾಡಿಯನ್ನು ಒಳಗೆ ತೆಗೆದುಕೊಂಡರು. ನನ್ನ ಅಜ್ಜಿ ಸತ್ತು ಹದಿನೈದು ವರ್ಷದ ಮೇಲೆ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ನನ್ನ ಪರವಾಗಿ ಜಾಮೀನು ಕೊಟ್ಟ ಹಾಗಾಯಿತು.

ಅವರ ಸಂಶಯಕ್ಕೆ ಒಂದು ಮೂಲವಿತ್ತು. ಹದಿಹರೆಯದಲ್ಲಿ ಊರು ಬಿಟ್ಟು ಬಂದು ಇಲ್ಲಿಯ ಒಂದು ಉಡುಪಿ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಗ್ರೈಂಡರಿಗೆ ನಿಂತವರು. ಹೆಬ್ಬೆರಳಿನ ಉಗುರು ಅದರ ಬೆಲ್ಟಿಗೇ ಹೋದದ್ದು. ಒಂದು ಬೇಸಿಗೆಯಲ್ಲಿ ಇಡ್ಲಿ ದಿನಾ ಹುಳಿ ಬರತೊಡಗಿತಂತೆ. ಗ್ರೈಂಡರು ಸರಿಯಾಗಿ ತೊಳೆಯುತ್ತಿಲ್ಲ ಎಂದು ಯಜಮಾನರು ಗಿರಾಕಿಗಳ ಎದುರಿಗೇ ಇವರನ್ನು ಬೈದರು. ಇವರು ಒಂದು ವಾರ ಬಾಯಿ ಮುಚ್ಚಿಕೊಂಡು ನೋಡಿದರು. ಮಿಕ್ಕ ಹಿಟ್ಟನ್ನು ಚೆಲ್ಲಲು ಮನಸ್ಸಿಲ್ಲದೆ ಹೊಸ ಹಿಟ್ಟಿಗೆ ಬೆರೆಸುತ್ತಿದ್ದವರು ಯಜಮಾನರೇ. ಅದನ್ನು ಹೇಳಲಿಲ್ಲ, ಕೆಲಸ ಬಿಟ್ಟರು. ಅಷ್ಟು ಹೊತ್ತಿಗೆ ಗ್ರೈಂಡರಿನ ಮೋಟಾರನ್ನು ಬಿಚ್ಚಿ ಕಟ್ಟುವುದು ಕೈಗೆ ಬಂದಿತ್ತು. ಅಲ್ಲಿಂದ ಸ್ಕೂಟರು, ಸ್ಕೂಟರಿನಿಂದ ಬೈಕು.

ಆಮೇಲೆ ಅವರು ಯಾರನ್ನೂ ನಂಬಲಿಲ್ಲ. ವರ್ಕ್‌ಶಾಪಿನ ಮೂಲೆಗೆ ಯಾವುದೋ ಲಾರಿಯ ಉಬ್ಬು ಕನ್ನಡಿ ತೂಗುಹಾಕಿದ್ದರು. ಬರುವವರು ಗಾಡಿಯನ್ನು ಹೇಗೆ ಓಡಿಸಿಕೊಂಡು ಬರುತ್ತಾರೆ ಎಂದು ಅದರಲ್ಲಿ ನೋಡಿ, ಎದುರಿಗೆ ಬಂದು ಹೇಳುವ ಕಥೆಗೆ ಅದನ್ನು ತಾಳೆ ಹಾಕುತ್ತಿದ್ದರು. ಪೆಟ್ರೋಲನ್ನು ಅಂಗೈಗೆ ಹಾಕಿಕೊಂಡು ಮೂಸುತ್ತಿದ್ದರು. ಬಿಚ್ಚಿದ ಪ್ರತಿ ಭಾಗಕ್ಕೂ ಹಳದಿ ಬಣ್ಣದ ಒಂದು ಚುಕ್ಕೆ ಇಡುತ್ತಿದ್ದರು, ಲೇತ್‌ನವನಿಗೆ ಕೊಟ್ಟಾಗ ಅದಲುಬದಲಾಗಬಾರದು ಎಂದು. ಸಹಾಯಕ್ಕೆ ಯಾರನ್ನೂ ಇಟ್ಟುಕೊಳ್ಳಲಿಲ್ಲ. ಗಿರಾಕಿ ಏನೇ ಹೇಳಲಿ, ಪೂರ್ತಿ ಕೇಳಿ, ಕೊನೆಗೆ ಒಂದೇ ಮಾತು: "ಹೇಳಿದ್ದು ಕೇಳಿಸಿತು. ಈಗ ಬಿಚ್ಚಿ ನೋಡುವ." ನನ್ನ ಹೆಂಡತಿ ಒಮ್ಮೆ ಅವರನ್ನು ನೋಡಿ ಬಂದು, ನಿಮ್ಮಿಬ್ಬರ ಜಾತಕವನ್ನು ಒಂದೇ ಜೋಯಿಸರು ಬರೆದಿರಬೇಕು ಎಂದಳು.

ನಾನು ಅವರ ಕೈಗೆ ಕೊಟ್ಟದ್ದು ಅಪ್ಪನ ಗಾಡಿ. ಈಗ ಯಾರೂ ತಯಾರಿಸದ ಹಳೆಯ ಫೋರ್‌ಸ್ಟ್ರೋಕ್ ಬೈಕು. ಅಪ್ಪ ಹೋದ ಮೇಲೆ ಆರು ವರ್ಷ ಮೆಟ್ಟಿಲ ಕೆಳಗೆ ಗೋಣಿಚೀಲ ಹೊದ್ದು ನಿಂತಿತ್ತು. ಅಪ್ಪ ಅಮ್ಮನನ್ನು ಅದರಲ್ಲಿ ಏಲಗಿರಿ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳುತ್ತಲೇ ಇದ್ದರು. ಒಮ್ಮೆ ಹೋದದ್ದೂ ಉಂಟು, ಅರ್ಧ ದಾರಿಯಲ್ಲಿ ಗಾಡಿಗೆ ಏದುಸಿರು ಬಂದು ಇಳಿಸಿಕೊಂಡು ಬಂದರು. ನನಗೂ ನನ್ನ ಹೆಂಡತಿಗೂ ಅದೇ ಗಾಡಿಯಲ್ಲಿ ಆ ಬೆಟ್ಟ ಹತ್ತಬೇಕೆಂದು ಆಸೆ. ಅದಕ್ಕೆ ಇಂಜಿನ್ನಿಗೆ ಸ್ವಲ್ಪ ಬಲ ಬರಬೇಕು. ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಕೂದಲೆಳೆಯಷ್ಟು ಸವರಿಸಿ, ಕಾರ್ಬ್ಯುರೇಟರನ್ನು ಒಂದಳತೆ ದೊಡ್ಡದು ಮಾಡಿ, ಗಾಳಿ ಧಾರಾಳವಾಗಿ ಎಳೆಯುವ ಫಿಲ್ಟರು ಹಾಕಿದರೆ ಸಾಕು ಎಂದು ಮೇಸ್ತ್ರಿಯೇ ಹೇಳಿ, ತಿಂಗಳುಗಟ್ಟಲೆ ಯೋಚಿಸಿ ಮಾಡಿದರು. ಮಾಡುವಾಗ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಈ ಗಾಡಿಗೆ ಹೊಸ ಪಿಸ್ಟನ್ನು ಊರಲ್ಲೆಲ್ಲೂ ಸಿಗುವುದಿಲ್ಲ. ಅದಕ್ಕೆ ತೂತು ಬಿದ್ದರೆ ಅಪ್ಪನ ಜೊತೆಗೆ ಗಾಡಿಯದೂ ತಿಥಿ ಮಾಡಬೇಕು.

ಹಾಗಾಗಿ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಪ್ರಶ್ನೆ. ಈ ಮನುಷ್ಯನನ್ನು ನಂಬಿ ಅಪ್ಪನ ಗಾಡಿಯನ್ನು ಒಪ್ಪಿಸಿದ್ದು ಸರಿಯೇ, ತಪ್ಪೇ?

ಪ್ಲಗ್ಗಿನ ವಿಚಾರ ಬಂದದ್ದು ಹೀಗೆ. ಇಂಜಿನ್ನಿನ ಶಾಖ ಹೆಚ್ಚಾದ ಮೇಲೆ ಹಳೆಯ ಪ್ಲಗ್ಗು ಸಾಲದು, ಶಾಖವನ್ನು ಬೇಗ ದಾಟಿಸಿಬಿಡುವ 'ತಂಪು' ಪ್ಲಗ್ಗು ಬೇಕು. ನಾನು ಫೋನಿನಲ್ಲಿ ವೀಡಿಯೊಗಳನ್ನು ನೋಡಿ, ಎಷ್ಟು ತಂಪಾದರೆ ಅಷ್ಟು ಒಳ್ಳೆಯದು ಎಂದುಕೊಂಡು ಎಲ್ಲಿಂದಲೋ ಒಂದನ್ನು ತಂದಿದ್ದೆ. ಅದೇ ಆ ವಾಷರು ಕಳಚಿದ ಪ್ಲಗ್ಗು. ಅವರು ಅದನ್ನು ನನ್ನ ಕೈಗೆ ವಾಪಸು ಕೊಟ್ಟು, ಹೋಟೆಲಿನ ಭಾಷೆಯಲ್ಲಿ ವಿವರಿಸಿದರು.

"ದೋಸೆ ಕಾವಲಿ ಉಂಟಲ್ಲ, ಅದು ಕಾಯದೇ ಇದ್ರೆ ಹಿಟ್ಟು ಅಂಟ್ತದೆ. ಹೆಚ್ಚು ಕಾದ್ರೆ ಕರಟ್ತದೆ. ಪ್ಲಗ್ಗಿಗೂ ತನ್ನ ಮೈಯ ಮಸಿ ತಾನೇ ಸುಟ್ಕೊಳ್ಳುವಷ್ಟು ಬಿಸಿ ಬೇಕು. ಪಿಸ್ಟನ್ ಸುಡುವಷ್ಟು ಬೇಡ. ನಿಮ್ಮ ಗಾಡಿಗೆ ನಾವು ಮಾಡಿದ್ದು ಸಣ್ಣ ಕೆಲಸ, ಹಾಗಾಗಿ ಒಂದೇ ಮೆಟ್ಟು ತಂಪು. ಎರಡು ಮೆಟ್ಟು ಹಾಕಿದ್ರೆ ಸಿಗ್ನಲ್ ಸಿಗ್ನಲ್‌ಗೆ ಮಸಿ ಹಿಡಿದು ನಿಲ್ತದೆ, ನೀವು ತಳ್ತಾ ಆಫೀಸಿಗೆ ಹೋಗ್ಬೇಕು."

ಒಂದು ಭಾನುವಾರ ಬೆಳಗ್ಗೆ ಪೆರುಂಗುಡಿ ದಾಟಿದ ಮೇಲಿನ ಅಗಲ ರಸ್ತೆಗೆ ಹೋದೆವು. ಕಂಪ್ಯೂಟರ್ ಆಫೀಸುಗಳಿಗೆ ರಜೆ, ರಸ್ತೆ ಖಾಲಿ. ಮೊದಲು ಹಳೆಯ ಪ್ಲಗ್ಗಿನಲ್ಲೇ ಪರೀಕ್ಷೆ. ನಾನು ಥ್ರಾಟಲ್ ಪೂರ್ತಿ ಹಿಂಡಿ ಓಡಿಸಬೇಕು. ಅವರು ಟವಲು ಬೀಸಿದ ಕೂಡಲೆ ಕ್ಲಚ್ಚು ಹಿಡಿದು, ಇಂಜಿನ್ ಆರಿಸಿ, ಉರುಳಿಕೊಂಡು ಬಂದು ಅವರ ಕಾಲ ಬಳಿ ನಿಲ್ಲಬೇಕು. ಮೆಲ್ಲಗೆ ಬಂದರೆ ಪ್ಲಗ್ಗು ಬಣ್ಣ ಬದಲಾಯಿಸಿ ಸುಳ್ಳು ಹೇಳುತ್ತದೆ ಎಂದು ಅವರ ಅಂಬೋಣ. ಬಿಸಿ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು, ಭೂತಗನ್ನಡಿ ಹಚ್ಚಿ ನೋಡಿದರು. ಸರಿಯಾದ ಪ್ಲಗ್ಗಿನ ಬಾಯಿ ದೋಸೆಯ ತಳದ ಹಾಗೆ ಹದವಾಗಿ ಕಂದಿರಬೇಕು. ಇದು ಸುಣ್ಣದ ಹಾಗೆ ಬೆಳ್ಳಗಿತ್ತು. ಸಂಶಯವೇ ಇಲ್ಲ, ಒಂದು ಮೆಟ್ಟು ತಂಪು ಬೇಕೇ ಬೇಕು ಎಂದು ತೀರ್ಮಾನವಾಯಿತು.

ಅದನ್ನು ಕೊಳ್ಳಲು ಪ್ಯಾರೀಸ್ ಕಾರ್ನರ್‌ಗೆ ನನ್ನನ್ನೂ ಕರೆದುಕೊಂಡು ಹೋದರು. ಸಗಟು ಅಂಗಡಿಗಳ ಆ ಗಲ್ಲಿಯಲ್ಲಿ ಅವರ ವ್ಯಾಪಾರವನ್ನು ನೋಡಬೇಕಿತ್ತು. ಒಂದು ಅಂಗಡಿಯಲ್ಲಿ ಒಂದು ಪ್ಲಗ್ಗು ಕೊಂಡು ಜೇಬಿಗೆ ಹಾಕಿಕೊಂಡರು, ಇನ್ನೊಂದು ಅಂಗಡಿಯಲ್ಲಿ ಅದೇ ನಂಬರಿನದು ಕೇಳಿದರು. ಎರಡನ್ನೂ ಬಿಸಿಲಿಗೆ ಹಿಡಿದು ಅಕ್ಷರ ಅಚ್ಚಾದ ರೀತಿ, ಮರೆಯ, ಅಂದರೆ ತಿರುಪಿನ ಸುತ್ತುಗಳ, ನಯ, ವಾಷರು, ಷಟ್ಕೋನದ ಅಂಚು ಎಲ್ಲವನ್ನೂ ಹೋಲಿಸಿದರು. ಇಪ್ಪತ್ತು ನಿಮಿಷವಾಯಿತು. ಎರಡನೆಯ ಅಂಗಡಿಯ ಮಾಲೀಕ ಅಣ್ಣಾಚ್ಚಿ ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೂತಿದ್ದವರು ಕೊನೆಗೆ, "ಎನ್ನ ಉಡುಪಿ, ಪೊಣ್ಣು ಪಾಕ್ಕ ವಂದೀಂಗಳಾ?" ಎಂದರು. ಹೆಣ್ಣು ನೋಡಲು ಬಂದಿದ್ದೀರಾ ಎಂದು.

ಮೇಸ್ತ್ರಿ ತಲೆಯೆತ್ತದೆ ತಮಿಳಿನಲ್ಲೇ ಉತ್ತರ ಕೊಟ್ಟರು. ಹೆಣ್ಣಾದರೆ ಇಷ್ಟು ನೋಡುತ್ತಿರಲಿಲ್ಲ, ಅವಳಿಗೆ ಬಾಯಿ ಇರುತ್ತದೆ, ತಪ್ಪಿದ್ದರೆ ಅವಳೇ ಹೇಳುತ್ತಾಳೆ ಎಂದು. ಅಣ್ಣಾಚ್ಚಿಯ ಪ್ಲಗ್ಗನ್ನೇ ಆರಿಸಿದರು. ಇನ್ನೊಂದರ ಅಕ್ಷರ ತುಸು ದಪ್ಪ ಎಂದು ತಳ್ಳಿಹಾಕಿದರು.

ಇಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಹೇಳಬೇಕು. ಆ ಪ್ಲಗ್ಗನ್ನು ಗಾಡಿಗೆ ಹಾಕುವ ಮುಂಚೆ ಒಂದು ರಾತ್ರಿ ಮನೆಗೆ ತಂದಿದ್ದೆ. ಹೆಂಡತಿಯ ಉಗುರು ಬಣ್ಣದ ಸೀಸೆಯಿಂದ, ಸ್ಪ್ಯಾನರು ಹಿಡಿಯುವ ಜಾಗದ ಒಂದು ಮುಖಕ್ಕೆ ಸಾಸಿವೆಯಷ್ಟು ಕೆಂಪು ಬೊಟ್ಟಿಟ್ಟೆ. ಯಾರ ಮೇಲೆ ಅನುಮಾನ ಎಂದು ಕೇಳಿದರೆ ಯಾರ ಮೇಲೂ ಇಲ್ಲ ಎನ್ನುತ್ತಿದ್ದೆ. ನಮ್ಮ ಆಫೀಸಿನಲ್ಲಿ ಎಲ್ಲ ಫೈಲಿಗೂ ಸೀಲು ಹಾಕುತ್ತೇವಲ್ಲ, ಹಾಗೆ. ಮೇಸ್ತ್ರಿಗೆ ಹೇಳಲಿಲ್ಲ ಅಷ್ಟೆ.

ಹತ್ತು ದಿನ ಊರೊಳಗೆ ಓಡಿಸಿದೆ. ಗಾಡಿ ಬೆಣ್ಣೆಯ ಹಾಗಿತ್ತು. ಏಲಗಿರಿಗೆ ಹೋಗುವ ದಿನವೂ ಗೊತ್ತಾಯಿತು. ಅದಕ್ಕೆ ಮುಂಚೆ ವಾಲ್ವಿನ ಟ್ಯಾಪೆಟ್ಟು ಸರಿಮಾಡಬೇಕೆಂದು ಮೇಸ್ತ್ರಿ ಗಾಡಿಯನ್ನು ಎರಡು ದಿನ ಇಟ್ಟುಕೊಂಡರು. ವಾಪಸು ಕೊಡುವಾಗ ನನ್ನ ಮುಖ ನೋಡದೆ ಕೀಲಿ ಕೊಟ್ಟರು. ಅದು ನನ್ನ ಕಣ್ಣಿಗೆ ಬಿತ್ತು. ಕ್ಲೇಮಿನ ಫಾರಂ ಕೊಡುವವರಲ್ಲಿ ಹಾಗೆ ಕಣ್ಣು ತಪ್ಪಿಸುವವರನ್ನು ನಾನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ.

ಮನೆಗೆ ಬಂದು ಪ್ಲಗ್ಗು ಬಿಚ್ಚಿದೆ. ನಂಬರು ಅದೇ. ಕೆಂಪು ಬೊಟ್ಟು ಮಾತ್ರ ಯಾವ ಮುಖದಲ್ಲೂ ಇಲ್ಲ. ಮರೆಯೆಲ್ಲ ಸವೆದು ಮಂಕಾಗಿದ್ದ, ಒಂದು ವರ್ಷವಾದರೂ ಓಡಿದ ಹಳೆಯ ಪ್ಲಗ್ಗು. ನನ್ನ ಹೊಸದನ್ನು ತೆಗೆದಿಟ್ಟುಕೊಂಡು ಯಾವುದೋ ಗಾಡಿಯ ಹಳೆಯದನ್ನು ತಿರುಪಿದ್ದರು.

ಪ್ಲಗ್ಗಿನ ಬೆಲೆ ಎಷ್ಟು ಮಹಾ. ನನ್ನನ್ನು ಕೊರೆದದ್ದು ಬೇರೆ. ಪ್ಲಗ್ಗನ್ನು ಬದಲಾಯಿಸಿದವರು ಇನ್ನೇನನ್ನು ಬದಲಾಯಿಸಿಲ್ಲ? ಅಪ್ಪನ ಪಿಸ್ಟನ್ನು ಒಳಗಿದೆಯೇ? ಆ ಕಾರ್ಬ್ಯುರೇಟರು ನಾನು ಕಂಡದ್ದೇ ಹೌದೇ? ಅವರ ಹುಬ್ಬು, ಅವರ ಕನ್ನಡಿ, ಹಳದಿ ಚುಕ್ಕೆ ಎಲ್ಲವೂ ಆ ರಾತ್ರಿ ಬೇರೆ ಅರ್ಥ ಕೊಡತೊಡಗಿದವು. ಊರವರನ್ನೆಲ್ಲ ಕಳ್ಳರೆನ್ನುವವನ ಮನಸ್ಸಿನಲ್ಲಿ ಏನಿರುತ್ತದೆಂದು ನನಗೆ ಮೊದಲೇ ಹೊಳೆಯಬೇಕಿತ್ತು ಎಂದುಕೊಂಡೆ.

ಮಾರನೆಯ ದಿನ ಊಟದ ವೇಳೆಗೆ ಆಫೀಸಿನಿಂದ ಇಳಿದು ಹೋದೆ. ಮೇಸ್ತ್ರಿ ಒಳಗೆ ಯಾವುದೋ ಸ್ಕೂಟರಿನ ಅಡಿಗಿದ್ದರು. ಸ್ಪ್ಯಾನರುಗಳ ಹಲಗೆಯ ಮೇಲೆ, ಒಂದು ಹಳೆ ಬಟ್ಟೆಯ ಮಡಿಕೆಯಲ್ಲಿ, ನನ್ನ ಪ್ಲಗ್ಗು ಇತ್ತು. ಕೆಂಪು ಬೊಟ್ಟು ನನ್ನನ್ನೇ ನೋಡುತ್ತಿತ್ತು.

"ಮೇಸ್ತ್ರಿಗಳೇ, ಇದು ನನ್ನ ಪ್ಲಗ್ಗು. ಇದು ಇಲ್ಲೇಕಿದೆ?" ಎಂದೆ.

ಅವರು ಎದ್ದು ಬಂದರು. ಕೈ ಒರೆಸಿಕೊಂಡರು. ಬೊಟ್ಟನ್ನು ಆಗಲೇ ಕಂಡದ್ದಿರಬೇಕು, ಅದರ ಮೇಲೆ ಉಗುರಿಲ್ಲದ ಬೆರಳನ್ನು ಒಮ್ಮೆ ಆಡಿಸಿದರು.

"ಹೌದು. ನಾನೇ ತೆಗೆದದ್ದು."

ಏಕೆ ಎಂದು ಕೇಳಿದೆ. ಮೂರು ಸಲ, ಮೂರು ಥರ ಕೇಳಿದೆ. ಮೂರು ಸಲವೂ ಬಾಯಿ ಬಿಡಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಉಡುಪಿ ಹೋಟೆಲಿನ ಯಜಮಾನ ನಿಮಗೆ ಕಲಿಸಿದ್ದು ಇದೇ ಏನು ಎಂದುಬಿಟ್ಟೆ. ಇಸ್ತ್ರಿ ಅಕ್ಕನ ಪೆಟ್ಟಿಗೆ ನಿಂತಿತು. ಮೇಸ್ತ್ರಿ ಆ ಪ್ಲಗ್ಗನ್ನು ಎತ್ತಿ, ವೈಸ್‌ನ ಮೇಲಿಟ್ಟು, ಸುತ್ತಿಗೆಯಿಂದ ಅದರ ತುದಿಗೆ ಒಂದೇ ಏಟು ಹಾಕಿದರು. ಕಿಡಿ ಹಾರಬೇಕಾದ ಸಂದು ಮುಚ್ಚಿಹೋಯಿತು. ಅದನ್ನು ನನ್ನ ಅಂಗೈಯಲ್ಲಿಟ್ಟು, "ತೆಕ್ಕೊಂಡು ಹೋಗಿ" ಎಂದು ಮತ್ತೆ ಸ್ಕೂಟರಿನ ಅಡಿಗೆ ಹೋದರು.

ಕದ್ದದ್ದೂ ಅಲ್ಲದೆ ಕೆಡಿಸಿಯೂ ಕೊಟ್ಟರಲ್ಲ ಎಂದು ಹಲ್ಲು ಕಡಿಯುತ್ತ ಆಫೀಸಿಗೆ ಬಂದೆ. ಕೂತರೆ ಮನಸ್ಸು ನಿಲ್ಲಲಿಲ್ಲ. ಬಿಲ್ಲುಗಳ ತಿದ್ದುಪಡಿ ನೋಡುವ ನನ್ನ ಮೇಜಿನ ಭೂತಗನ್ನಡಿಯನ್ನು ತೆಗೆದು, ಪ್ಲಗ್ಗಿಗೆ ಹಿಡಿದೆ. ಏನನ್ನು ಹುಡುಕುತ್ತಿದ್ದೆನೋ ಗೊತ್ತಿಲ್ಲ. ಬಿಳಿಯ ಪಿಂಗಾಣಿಯ ಮೇಲೆ, ಒಡೆದ ಮೆಣಸಿನ ಪುಡಿ ಉದುರಿಸಿದ ಹಾಗೆ, ಸಣ್ಣ ಸಣ್ಣ ಕಣಗಳಿದ್ದವು. ಕಪ್ಪಲ್ಲ, ಬೆಳ್ಳಿಯ ಹಾಗೆ ಹೊಳೆಯುವವು. ಅವು ಏನೆಂದು ಮೇಸ್ತ್ರಿಯೇ ಪೆರುಂಗುಡಿಯ ರಸ್ತೆಯಲ್ಲಿ ಹೇಳಿದ್ದರು. ಪಿಸ್ಟನ್ನಿನ ಅಲ್ಯುಮಿನಿಯಂ ಕರಗಿ ಹಾರಿದಾಗ ಮಾತ್ರ ಅಂಥ ಕಣ ಪ್ಲಗ್ಗಿಗೆ ಅಂಟುತ್ತದೆ. ಇನ್ನು ಸ್ವಲ್ಪ ದೂರ ಓಡಿದರೆ ತೂತು.

ಸಂಜೆ ಮತ್ತೆ ಹೋದೆ. ಮೇಸ್ತ್ರಿ ಬೀಗ ಹಾಕಿ ಹೋಗಿಯಾಗಿತ್ತು. ಇಸ್ತ್ರಿ ಅಕ್ಕ ಇದ್ದಳು. ನನ್ನನ್ನು ಕಂಡು ಮುಖ ತಿರುಗಿಸಿದಳು. ನಾನು ಕದಲದೆ ನಿಂತದ್ದು ನೋಡಿ, ಇದ್ದಿಲಿಗೆ ಗಾಳಿ ಹಾಕುತ್ತ ತಮಿಳಿನಲ್ಲಿ ಒಂದೊಂದಾಗಿ ಹೇಳಿದಳು. ಮೊನ್ನೆ ಬೆಳಗ್ಗೆ ಮೇಸ್ತ್ರಿ ನನ್ನ ಗಾಡಿಯನ್ನು ದೂರ ಓಡಿಸಿಕೊಂಡು ಹೋಗಿ ಬಂದರಂತೆ. ಬಂದು ಪ್ಲಗ್ಗು ಬಿಚ್ಚಿ, ಅದನ್ನು ಕೈಯಲ್ಲಿ ಹಿಡಿದು ಮಧ್ಯಾಹ್ನದ ತನಕ ಸ್ಟೂಲಿನ ಮೇಲೆ ಕೂತಿದ್ದರಂತೆ. ಅವಳು ತಂದ ಚಹಾ ಹಾಗೇ ಆರಿತು. ಆಮೇಲೆ ಇಂಜಿನ್ನಿನ ಹೆಡ್ಡು ಬಿಚ್ಚಿ ಒಳಗೆ ಬೆರಳಾಡಿಸಿ ನೋಡಿ, ಮುಚ್ಚಿದರು. ಕೊನೆಗೆ ಎದ್ದು, ಗೋಡೆಗೆ ಒರಗಿಸಿದ್ದ ತಮ್ಮ ಗಾಡಿಯ ಪ್ಲಗ್ಗನ್ನು ಬಿಚ್ಚಿ ನನ್ನದಕ್ಕೆ ಹಾಕಿದರು.

"ಅವರ್ ವಂಡಿ ಅಂಗೇದಾನ್ ನಿಕ್ಕುದು, ಪಾರುಂಗ. ಮೂಣು ನಾಳಾ ಬಸ್ಸುಲ ವರಾರು," ಎಂದಳು.

ಅವರ ಗಾಡಿ ಅಲ್ಲೇ, ಬಾಗಿಲ ಹೊರಗಿನ ತಗಡಿನ ಕೆಳಗೆ ನಿಂತಿತ್ತು. ಪ್ಲಗ್ಗಿನ ಜಾಗದಲ್ಲಿ ಧೂಳು ಹೋಗದಂತೆ ಬಟ್ಟೆ ತುರುಕಿತ್ತು. ಮೂರು ದಿನದಿಂದ ಆ ಮನುಷ್ಯ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು.

ಬೆಳಗ್ಗೆ ಅವರು ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಂತೆ. ನನ್ನನ್ನು ಕಂಡು, ಉಬ್ಬು ಕನ್ನಡಿಯನ್ನು ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿದರು. ನಾನು ಕ್ಷಮೆ ಕೇಳಿದೆ. ನನಗೆ ಹೇಳಬಹುದಿತ್ತಲ್ಲ ಎಂದೂ ಕೇಳಿದೆ.

"ಎಂತ ಹೇಳುದು?" ಕನ್ನಡಿಗೇ ಹೇಳಿದರು. "ಅಣ್ಣಾಚ್ಚಿ ಅಂಗಡಿಯಲ್ಲಿ ಇಪ್ಪತ್ತು ನಿಮಿಷ ನೋಡಿ ನಾನು ಆರಿಸಿದ್ದೇ ಡೂಪ್ಲಿಕೇಟು ಅಂತ ಹೇಳುದಾ? ಕಳ್ಳ ಅಂದ್ರೆ ಅಡ್ಡಿಲ್ಲ ಮಾರ್ರೆ. ಕಳ್ಳನಿಗೆ ಅವನ ಕೆಲಸ ಬರ್ತದೆ ಅಂತಾದ್ರೂ ಜನ ಒಪ್ತಾರೆ."

ಆಮೇಲೆ ನನ್ನನ್ನು ಕೂರಿಸಿ ತೋರಿಸಿದರು. ನನ್ನ ಗಾಡಿಯಿಂದ ಅವರ ಪ್ಲಗ್ಗನ್ನು ಬಿಚ್ಚಿ, ಒಂದು ಅಗರಬತ್ತಿಯ ಕಡ್ಡಿಯನ್ನು ಪಿಂಗಾಣಿಗೂ ಹೊರಗಿನ ಚಿಪ್ಪಿಗೂ ನಡುವಿನ ಸಂದಿಗೆ ಇಳಿಸಿದರು. ಕಡ್ಡಿ ಸ್ವಲ್ಪವೇ ಇಳಿದು ನಿಂತಿತು. ಇನ್ಯಾವ ಗಾಡಿಗೂ ಸೇರಬಾರದೆಂದು ಅವರು ತುದಿ ಬಡಿದಿದ್ದ ನನ್ನ ಬೊಟ್ಟಿನ ಪ್ಲಗ್ಗಿಗೆ ಇಳಿಸಿದಾಗ ಅದಕ್ಕಿಂತ ಬಹಳ ಆಳಕ್ಕೆ ಹೋಯಿತು. ತಂಪು ಪ್ಲಗ್ಗಿನ ಪಿಂಗಾಣಿ ಮೂಗು ಗಿಡ್ಡ, ಬಿಸಿ ಪ್ಲಗ್ಗಿನದು ಉದ್ದ. ಯಾರೋ ಬಿಸಿ ಪ್ಲಗ್ಗಿನ ಮೈಮೇಲೆ ತಂಪಿನ ನಂಬರನ್ನು ಅಚ್ಚುಕಟ್ಟಾಗಿ ಒತ್ತಿದ್ದರು. ಅಕ್ಷರ, ಮರೆ, ವಾಷರು ಎಲ್ಲ ಅಸಲಿನಂತೆಯೇ. ಅಕ್ಷರ ದಪ್ಪ ಎಂದು ಅವರು ತಳ್ಳಿಹಾಕಿದ ಇನ್ನೊಂದೇ ನಿಜವಾದದ್ದು.

"ಎಲ್ಲ ಹೊರಗಿಂದ ನೋಡಿದೆ. ಒಳಗೆ ನೋಡ್ಲಿಲ್ಲ" ಎಂದರು. ಮೂವತ್ತು ವರ್ಷ ಎಲ್ಲವನ್ನೂ ಬಿಚ್ಚಿ ನೋಡಿದ ಮನುಷ್ಯ ಆ ಮಾತನ್ನು ಹೇಳುವಾಗ ನನಗೆ ಅವರ ಮುಖ ನೋಡಲಾಗಲಿಲ್ಲ. ಹೊಸ ಪ್ಲಗ್ಗು ಯಾವುದನ್ನು ಕಂಡರೂ ಅವರಿಗೆ ನಂಬಿಕೆ ಬರುತ್ತಿರಲಿಲ್ಲವಂತೆ. ತಮ್ಮ ಗಾಡಿಯಲ್ಲೇ ವರ್ಷ ಓಡಿದ್ದೊಂದು ಮಾತ್ರ ಸರಿಯೆಂದು ಗೊತ್ತಿತ್ತು, ಅದನ್ನು ನನಗೆ ಹಾಕಿದ್ದರು. ಪಿಸ್ಟನ್ನಿನ ತಲೆಯ ಮೇಲೆ ಸೂಜಿ ಚುಚ್ಚಿದಂಥ ಗುರುತುಗಳು ಬಿದ್ದಿದ್ದವು, ಅಷ್ಟೇ. ಬೆಟ್ಟದ ದಾರಿಯಲ್ಲಾಗಿದ್ದರೆ ಉಳಿಯುತ್ತಿರಲಿಲ್ಲ. ನಾನು ಕೆಂಪು ಬೊಟ್ಟು ಇಟ್ಟದ್ದು ಯಾವಾಗ ಎಂದು ಆಮೇಲೆ ಅವರೇ ಕೇಳಿದರು. ಹೇಳಿದೆ. ನಾನು ಬೈಗುಳಕ್ಕೆ ಕಾದಿದ್ದೆ.

"ನೀವು ಬೊಟ್ಟು ಇಟ್ಟದ್ದು ಸರಿ," ಎಂದರು. "ಹೋಟೆಲು ಬಿಟ್ಟ ಮೇಲೆ ನನ್ನ ಮೇಲೆ ಯಾರೂ ಸಂಶಯ ಪಟ್ಟದ್ದಿಲ್ಲ. ಅದ್ರಿಂದ ನಾನು ಸ್ವಲ್ಪ ಹಾಳಾದೆ."

ಅದೇ ವಾರ ಇಬ್ಬರೂ ಮತ್ತೆ ಅಣ್ಣಾಚ್ಚಿಯ ಗಲ್ಲಿಗೆ ಹೋಗಿ, ನಾಲ್ಕು ಕಣ್ಣು ಒಂದು ಕಡ್ಡಿ ಹಿಡಿದು ಎರಡು ಪ್ಲಗ್ಗು ಆರಿಸಿ ತಂದೆವು, ಒಂದು ನನಗೆ, ಒಂದು ಅವರಿಗೆ. ಏಲಗಿರಿಯ ಹದಿನಾಲ್ಕು ತಿರುವುಗಳನ್ನೂ ಅಪ್ಪನ ಗಾಡಿ ನನ್ನನ್ನೂ ಹೆಂಡತಿಯನ್ನೂ ಹೊತ್ತು ಹತ್ತಿತು. ಮೇಲೆ ನಿಲ್ಲಿಸಿ ಮೇಸ್ತ್ರಿಗೆ ಫೋನ್ ಮಾಡಿದೆ. ಹತ್ತಿದ್ದು ನಿಜವಾ, ಫೋಟೋ ಕಳಿಸಿ ಎಂದರು.

ಅದಾಗಿ ಮೂರು ವರ್ಷ ಅವರ ಸ್ಟೂಲಿನ ಎದುರು ಕೂತು ನಾನು ಕಲಿತದ್ದಕ್ಕೆ ಲೆಕ್ಕವಿಲ್ಲ. ಆಫೀಸಿನಲ್ಲಿ ಈಗ ಯಾರಾದರೂ ಪ್ರಶ್ನೆಗೆ ಉತ್ತರ ಕೊಡದೆ ಕಣ್ಣು ತಪ್ಪಿಸಿದರೆ ತಕ್ಷಣ ಕಳ್ಳರೆಂದು ಬರೆಯುವುದಿಲ್ಲ. ನಾಚಿಕೆಗೂ ಕಳ್ಳತನಕ್ಕೂ ಮುಖ ಒಂದೇ ಥರ ಇರುತ್ತದೆ. ಫೈಲನ್ನು ಇನ್ನೊಂದು ದಿನ ಇಟ್ಟುಕೊಂಡು ನೋಡುತ್ತೇನೆ. ಹಾಗೆ ನೋಡಿದ್ದರಿಂದ ಸುಳ್ಳೆಂದು ತಳ್ಳಿಹೋಗಬೇಕಿದ್ದ ಕೆಲವರ ಕ್ಲೇಮು ಉಳಿಯಿತು. ಅವರಿಗೆ ಮೇಸ್ತ್ರಿ ಯಾರೆಂದು ಗೊತ್ತಿಲ್ಲ.

ಕಳೆದ ಮಳೆಗಾಲದಲ್ಲಿ ಅವರಿಗೆ ಎದೆ ಹಿಡಿದುಕೊಂಡಿತು. ಆಸ್ಪತ್ರೆಯಲ್ಲಿ ನರ್ಸು ಕೊಟ್ಟ ಮಾತ್ರೆಗಳ ಸ್ಟ್ರಿಪ್ಪನ್ನು ತಿರುಗಿಸಿ ತಿರುಗಿಸಿ ನೋಡಿ, ನನ್ನ ಕೈಗೆ ಕೊಟ್ಟು, ತಾರೀಖು ಓದಿ ಎಂದರು. ಓದಿದೆ. ಆಮೇಲೇ ನುಂಗಿದರು. ಐದನೆಯ ದಿನ ತೀರಿಕೊಂಡರು.

ಹದಿಮೂರನೆಯ ದಿನದ ಕಾರ್ಯ ಮುಗಿದು ವಾರದ ಮೇಲೆ ಅವರ ಮಗಳು ಫೋನ್ ಮಾಡಿದಳು. ಶಾಲೆಯಲ್ಲಿ ಟೀಚರು, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ವರ್ಕ್‌ಶಾಪಿನ ಸಾಮಾನೆಲ್ಲ ಒಬ್ಬ ವ್ಯಾಪಾರಿ ಕೊಳ್ಳುತ್ತಾನಂತೆ. ಇನ್ಸೂರೆನ್ಸಿನವರು, ಅಂದರೆ ನಾನು, ಬಂದು ನೋಡುವ ತನಕ ಒಂದು ನಟ್ಟೂ ಹೊರಗೆ ಹೋಗಬಾರದೆಂದು ಅಪ್ಪ ಆಸ್ಪತ್ರೆಯಲ್ಲಿ ಹೇಳಿದ್ದರಂತೆ.

ಭಾನುವಾರ ಹೋದೆ. ಪ್ಲಗ್ಗುಗಳು ಒಂದು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿದ್ದವು. ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಮೇಲೆ ಕನ್ನಡದಲ್ಲಿ 'ನೋಡಿದೆ' ಎಂದು ಬರೆದಿದ್ದರು. ಬಾಗಿಲ ಬೆಳಕಿನಲ್ಲಿ ಕೂತು ಎಲ್ಲವನ್ನೂ ಬಿಚ್ಚಿ, ಕಡ್ಡಿ ಇಳಿಸಿ ಅಳೆದು, ಮತ್ತೆ ಸುತ್ತಿದೆ. ನಾಲ್ಕು ಡೂಪ್ಲಿಕೇಟು. ನಾವು ಪ್ಯಾರೀಸ್ ಕಾರ್ನರ್‌ಗೆ ಹೋಗುವ ಮುಂಚಿನಿಂದಲೂ ಅಲ್ಲಿ ಇದ್ದವು ಅನ್ನಿಸುತ್ತದೆ, ಸುತ್ತಿದ ಕಾಗದ ಅಷ್ಟು ಹಳದಿಯಾಗಿತ್ತು. ಆಮೇಲೆ ಅವರು ಆ ಡಬ್ಬವನ್ನು ಮತ್ತೆ ತೆರೆಯಲಿಲ್ಲವೋ, ತೆರೆಯಲು ಧೈರ್ಯ ಬರಲಿಲ್ಲವೋ, ನನಗೆ ತಿಳಿಯದು. ನಾಲ್ಕನ್ನೂ ಕಾಗದದ ಸಮೇತ ನನ್ನ ಬ್ಯಾಗಿಗೆ ಹಾಕಿಕೊಂಡೆ.

ಮಗಳು ಕಾಫಿ ತಂದಳು. ಎಲ್ಲ ಸರಿಯಾಗಿದೆಯಾ ಅಂಕಲ್ ಎಂದು ಕೇಳಿದಳು.

"ಎಲ್ಲ ಸರಿಯಾಗಿದೆ ಕಣಮ್ಮ. ಅಪ್ಪ ನೋಡಿಟ್ಟದ್ದಲ್ಲವಾ," ಎಂದೆ.

ಕಾಫಿ ಕುಡಿದು, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, ಹೊರಟೆ.